ಕೆಂಪು ರಿಬ್ಬನ್ನಿನ ಕುಂಡ

೪ ಫೆಬ್ರವರಿ

ಪ್ರೀತಿಯ ಅಕ್ಕನಿಗೆ,

ಈ ತಿಂಗಳ ಹಡಗಿನಲ್ಲಿ ನಿನ್ನ ಕಾಗದ ಬಂತು. ಅದನ್ನು ಕಾಗದ ಅನ್ನಬೇಕೋ ಚೀಟಿ ಅನ್ನಬೇಕೋ ತಿಳಿಯಲಿಲ್ಲ. ಇದ್ದದ್ದೇ ನಾಲ್ಕು ಸಾಲು. ಎರಡರಲ್ಲಿ ಭಾವನ ಬಸ್ಸು ಕೆಟ್ಟು ನಿಂತ ಕಥೆ, ಒಂದರಲ್ಲಿ ಹವಾಮಾನ, ಕೊನೆಯದು ಎಂದಿನಂತೆ ‘ಕೈ ತೊಳೆದುಕೊಂಡು ಊಟ ಮಾಡು’. ನನ್ನ ಚೂಟಿಯ ಸುದ್ದಿಯೇ ಇಲ್ಲ. ಎಂಟು ವರ್ಷದ ಹುಡುಗಿ, ಬಾಯಿ ಬಿಟ್ಟರೆ ಮುಚ್ಚುವವಳಲ್ಲ, ಮಾವನಿಗೆ ಒಂದು ಸಾಲು ಗೀಚಲು ಏನು ಕಷ್ಟ ಅವಳಿಗೆ?

ಇರಲಿ. ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಕಂದು ಬಣ್ಣದ ಪುಡಿ. ನೀನು ಮೂಗು ಮುರಿಯುವ ಮುಂಚೆ ಹೇಳಿಬಿಡುತ್ತೇನೆ, ಅದು ಕೊಳೆಯಲ್ಲ. ಮೂರು ವರ್ಷ ಈ ದ್ವೀಪದಲ್ಲಿ ಕೂತು ನಾನು ಸಾಕಿರುವ ಮರಿಗಳು. ಮಣ್ಣಿನಲ್ಲಿ ಬೇರಿನ ಮಗ್ಗುಲಲ್ಲೇ ಬದುಕುವ ಬ್ಯಾಕ್ಟೀರಿಯಾ. ಚೂಟಿಗೆ ಹೀಗೆ ಓದಿ ಹೇಳು: ಗಿಡ ಬೇರಿನಿಂದ ಸ್ವಲ್ಪ ಸಿಹಿ ಬಿಡುತ್ತೆ, ಮರಿಗಳು ಅದನ್ನು ತಿಂದುಕೊಂಡು ಅಲ್ಲೇ ಇರುತ್ತವೆ. ತಿಂದದ್ದಕ್ಕೆ ಬದಲಾಗಿ ಗಿಡವನ್ನು ಆಗಾಗ ಮೆಲ್ಲಗೆ ಚಿವುಟುತ್ತವೆ. ಚಿವುಟಿದಾಗ ಗಿಡಕ್ಕೆ ಎಚ್ಚರ ಆಗುತ್ತೆ, ‘ಏನೋ ಬರಬಹುದು, ತಯಾರಾಗಿರೋಣ’ ಅಂತ. ಆಮೇಲೆ ಎಲೆಗೆ ನಿಜವಾದ ರೋಗ ಬಂದಾಗ ಆ ಗಿಡ ಗಾಬರಿಯಾಗದೆ ತಕ್ಷಣ ಎದುರು ನಿಲ್ಲುತ್ತೆ. ಮರಿಗಳು ತಾವು ಎಲೆಯ ಹತ್ತಿರ ಹೋಗುವುದೂ ಇಲ್ಲ, ರೋಗದ ಜೊತೆ ಹೊಡೆದಾಡುವುದೂ ಇಲ್ಲ. ಜಗಳ ಆಡುವುದು ಗಿಡವೇ.

ಎರಡು ಕುಂಡ ತೆಗೆದುಕೊಳ್ಳಲಿ, ಒಂದೇ ಮಣ್ಣು, ಎರಡರಲ್ಲೂ ಟೊಮೇಟೊ. ಒಂದಕ್ಕೆ ಮಾತ್ರ ಈ ಪುಡಿ ಬೆರೆಸಲಿ, ಗುರುತಿಗೆ ಏನಾದರೂ ಕಟ್ಟಲಿ. ನಿಮ್ಮ ಬೀದಿಯ ಟೊಮೇಟೊಗಳಿಗೆ ಪ್ರತಿ ವರ್ಷ ಎಲೆಚುಕ್ಕೆ ರೋಗ ಬಂದೇ ಬರುತ್ತದಲ್ಲ, ಅದು ಬರುವ ತನಕ ಕಾಯಲಿ. ಯಾವುದು ಉಳಿಯುತ್ತದೋ ಮಾವನಿಗೆ ತಿಳಿಸಲಿ.

ಪೊಟ್ಟಣವನ್ನು ಬಿಸಿಲು ಸೆಕೆ ಎಂದು ಜೋಪಾನ ಮಾಡುವುದೇನೂ ಬೇಡ. ಈ ಮರಿಗಳು ಗಟ್ಟಿ ಚಿಪ್ಪಿನೊಳಗೆ ಮಲಗಿವೆ. ಕುದಿಯುವ ನೀರಿಗೂ ಜಗ್ಗುವ ಜಾತಿಯಲ್ಲ.

ನಿನ್ನ ತಮ್ಮ


೧೧ ಮಾರ್ಚ್

ತಮ್ಮಾ,

ಪೊಟ್ಟಣ ತಲುಪಿತು. ಆಸ್ಪತ್ರೆಯಲ್ಲಿ ದಿನವಿಡೀ ಕತ್ತರಿ, ಇಕ್ಕಳಗಳನ್ನು ಹಬೆಯಲ್ಲಿ ಬೇಯಿಸಿ ಕ್ರಿಮಿ ಕೊಲ್ಲುವವಳು ನಾನು. ನನ್ನ ಒಡಹುಟ್ಟಿದವನು ಅದೇ ಕ್ರಿಮಿಗಳನ್ನು ಸಾಕಿ, ಮರಿಗಳೆಂದು ಮುದ್ದು ಮಾಡಿ, ನನ್ನ ಮನೆಗೇ ಕಳಿಸುತ್ತಾನೆ. ಚಿಕ್ಕಂದಿನಲ್ಲಿ ನೀನು ಹಿತ್ತಿಲಲ್ಲಿ ಮಣ್ಣು ತಿನ್ನುತ್ತಿದ್ದೆ, ನಾನು ನಿನ್ನ ಬಾಯಿಗೆ ಬೆರಳು ಹಾಕಿ ತೆಗೆಯುತ್ತಿದ್ದೆ. ಈಗ ಅದಕ್ಕೇ ಸಂಬಳ ತೆಗೆದುಕೊಳ್ಳುತ್ತೀಯ.

ಚೂಟಿ ಕೆಲವು ದಿನಗಳಿಂದ ಶಾಲೆಗೆ ಹೋಗುತ್ತಿಲ್ಲ. ಸ್ವಲ್ಪ ನಿಶ್ಶಕ್ತಿ. ಸೆಕೆಯೆಂದು ಕೂದಲು ತೆಗೆಸಿದೆವು. ಜಡೆಯ ಕೆಂಪು ರಿಬ್ಬನ್ ಸುಮ್ಮನೆ ಬಿದ್ದಿತ್ತು, ಅದನ್ನೇ ಪುಡಿ ಹಾಕಿದ ಕುಂಡಕ್ಕೆ ಕಟ್ಟು ಎಂದಳು. ಕಟ್ಟಿದೆ. ಕುಂಡಗಳು ಅವಳ ಕಿಟಕಿಯ ಹೊರಗಿನ ಹಲಗೆಯ ಮೇಲಿವೆ. ಮಂಚದಿಂದಲೇ ಕಾಣುತ್ತವೆ.

ಒಂದು ವಿಷಯ ಕೇಳಬೇಕಿತ್ತು. ನಿನ್ನ ಈ ಮರಿಗಳಿಂದ ಮನುಷ್ಯರಿಗೆ ಯಾವತ್ತಾದರೂ ಏನಾದರೂ ಆದದ್ದುಂಟೇ? ಸುಮ್ಮನೆ ಕೇಳಿದೆ.

ಕೈ ತೊಳೆದುಕೊಂಡು ಊಟ ಮಾಡು.

ಅಕ್ಕ


೨ ಏಪ್ರಿಲ್

ಅಕ್ಕಾ,

ನಿನ್ನ ಪ್ರಶ್ನೆ ಓದಿ ನಗು ಬಂತು, ಆಮೇಲೆ ಸ್ವಲ್ಪ ಕೋಪವೂ ಬಂತು. ನನ್ನ ಮರಿಗಳಿಂದ ಯಾರಿಗೆ ಏನಾಗುತ್ತದೆ? ಇಲ್ಲಿಯ ಅಡುಗೆಯವನು ಆ ಪುಡಿಯನ್ನು ಮಸಾಲೆ ಎಂದುಕೊಂಡು ಒಮ್ಮೆ ಸೂಪಿಗೇ ಹಾಕಿದ್ದ. ನಾವೆಲ್ಲ ಎರಡೆರಡು ಸಲ ಹಾಕಿಸಿಕೊಂಡು ಕುಡಿದೆವು.

ಮಗುವಿಗೆ ನಿಶ್ಶಕ್ತಿ ಬರದೆ ಏನಾಗುತ್ತದೆ? ನಿನ್ನ ಮನೆಯಲ್ಲಿ ನೊಣ ಬಂದರೂ ಕಾಲು ಒರೆಸಿಕೊಂಡು ಬರಬೇಕು. ನನ್ನ ಕೈಯನ್ನು ನೀನು ತಿಕ್ಕಿದ ತಿಕ್ಕಾಟ ಇನ್ನೂ ನೆನಪಿದೆ, ಚರ್ಮ ಯಾವುದು ಕೊಳೆ ಯಾವುದು ಎಂಬ ಭೇದವೇ ಇರಲಿಲ್ಲ ನಿನಗೆ. ದಯವಿಟ್ಟು ಆ ಹುಡುಗಿಯನ್ನು ಹೊರಗೆ ಬಿಡು. ಕುಂಡದ ಮಣ್ಣಿಗೆ ಮೊಣಕೈ ತನಕ ಕೈ ಹಾಕಲಿ. ಗಿಡಗಳ ಹಾಗೇ ಮಕ್ಕಳೂ. ಎಲ್ಲವನ್ನೂ ತೊಳೆದು ಒರೆಸಿ ಕೂರಿಸಿದರೆ ಮೈ ಹೋರಾಡುವುದನ್ನು ಕಲಿಯುವುದು ಯಾವಾಗ?

ಭಾಷಣ ಜಾಸ್ತಿಯಾಯಿತು, ಗೊತ್ತು. ಇಲ್ಲಿ ಕೇಳುವವರಿಲ್ಲ, ಅದಕ್ಕೆ ನಿನ್ನ ತಲೆ ತಿನ್ನುತ್ತಿದ್ದೇನೆ.

ತಮ್ಮ


೨೭ ಏಪ್ರಿಲ್

ತಮ್ಮಾ,

ನಿನ್ನ ಕಾಗದವನ್ನು ಅವಳಿಗೆ ಓದಿ ಹೇಳಿದೆ. ಸೂಪಿನ ಕಥೆಯನ್ನು ಮೂರು ಸಲ ಓದಿಸಿದಳು. ಮೊಣಕೈ ವಿಷಯ ಓದಲಿಲ್ಲ. ಅವಳು ಹೇಳುತ್ತಾಳೆ, ನಾನು ಬರೆಯುತ್ತೇನೆ. ಅವಳ ಕೈ ನೋಯುತ್ತಿದೆಯಂತೆ.

“ಮಾವ, ನಾನು ಚೂಟಿ. ಎರಡು ಗಿಡಾನೂ ಚೆನ್ನಾಗಿ ಬಂದಿದೆ. ರಿಬ್ಬನ್ ಇರೋದು ನನ್ನ ಗಿಡ. ಇನ್ನೊಂದು ಯಾರದೂ ಅಲ್ಲ, ಪಾಪ. ಅದಕ್ಕೆ ಅಪ್ಪಂದು ಅಂದ್ವಿ. ಅಪ್ಪ ಬಸ್ ಓಡಿಸೋವಾಗ ನಿದ್ದೆ ಮಾಡಬಾರದು ಅಂತ ಯಾರೂ ಚಿವುಟಲ್ವಲ್ಲ, ಹಂಗೇ ಆ ಗಿಡನೂ. ಮರಿಗಳು ನನ್ನ ಗಿಡನ ಚಿವುಟ್ತಾ ಇರೋದು ಕಾಣಿಸಲ್ಲ, ಆದರೆ ಎಲೆ ಒಂದೊಂದು ಸಲ ಅಲ್ಲಾಡುತ್ತೆ. ಗಾಳಿ ಅಂತಾಳೆ ಅಮ್ಮ. ಅಮ್ಮಂಗೆ ಏನೂ ಗೊತ್ತಾಗಲ್ಲ. ಮಾವ, ಮನುಷ್ಯರಿಗೆ ಬೇರು ಎಲ್ಲಿರುತ್ತೆ? ನಮಗೂ ಮರಿ ಹಾಕಬಹುದಾ? ಬೇಗ ಬರಿ. ಹಡಗಿನವರಿಗೆ ಜೋರಾಗಿ ಓಡಿಸಕ್ಕೆ ಹೇಳು.”

ಇಷ್ಟು ಹೇಳಿ ಮಲಗಿದ್ದಾಳೆ. ಆ ಕೊನೆಯ ಪ್ರಶ್ನೆಗೆ ಒಳ್ಳೆಯ ಉತ್ತರ ಬರೆ.

ಕೈ ತೊಳೆದುಕೊಂಡು ಊಟ ಮಾಡು.

ಅಕ್ಕ


೨೦ ಮೇ

ಚೂಟಿ ಮಹಾರಾಣಿಯವರಿಗೆ,

ಕೈ ನೋವಂತೆ, ಅಮ್ಮ ಬರೆಯಬೇಕಂತೆ. ಮಾವನ ಹತ್ತಿರ ಈ ಆಟ ನಡೆಯುವುದಿಲ್ಲ. ನಾನೂ ನಿನ್ನ ವಯಸ್ಸಿನಲ್ಲಿ ಬರೆಯುವ ಕೆಲಸ ಬಂದಾಗೆಲ್ಲ ಕೈ ನೋವು ಬರಿಸಿಕೊಳ್ಳುತ್ತಿದ್ದೆ. ನಿಮ್ಮಮ್ಮನನ್ನೇ ಕೇಳು.

ನಿನ್ನ ಪ್ರಶ್ನೆಗೆ ಉತ್ತರ. ಮನುಷ್ಯರ ಬೇರು ಹೊಟ್ಟೆಯೊಳಗೆ ಇರುತ್ತೆ. ಗಿಡ ಬೇರಿನಿಂದ ಊಟ ಮಾಡಿದ ಹಾಗೆ ನಾವು ಹೊಟ್ಟೆಯಿಂದ ಮಾಡುತ್ತೇವೆ ತಾನೆ? ಅಲ್ಲಿ ನಮಗೂ ನಮ್ಮದೇ ಮರಿಗಳಿವೆ, ಲೆಕ್ಕವಿಲ್ಲದಷ್ಟು. ನೀನು ಚೆನ್ನಾಗಿ ತಿಂದರೆ ಅವಕ್ಕೂ ಊಟ. ಆದ್ದರಿಂದ ತಟ್ಟೆಯಲ್ಲಿ ಬಿಡಬಾರದು.

ಈಗ ಮುಖ್ಯ ವಿಷಯ. ಎಲೆಚುಕ್ಕೆ ಬರುವ ಕಾಲ ಹತ್ತಿರ ಬಂತು. ಹೆದರಬೇಡ. ನಿನ್ನ ಗಿಡಕ್ಕೂ ಒಂದೆರಡು ಚುಕ್ಕೆ ಬರಬಹುದು, ಬಂದು ಅಲ್ಲೇ ನಿಲ್ಲುತ್ತದೆ. ಕೆಂಪು ರಿಬ್ಬನ್ನಿನ ಗಿಡ ಸಾಯುವುದಿಲ್ಲ. ಮಾವ ಮಾತು ಕೊಟ್ಟಿದ್ದೇನೆ, ಕೆಳಗೆ ಸಹಿಯನ್ನೂ ಹಾಕಿದ್ದೇನೆ. ಇದನ್ನು ಕಿಟಕಿಗೆ ಅಂಟಿಸಿಕೋ.

ನಿನ್ನ ಮಾವ

(ಅಕ್ಕಾ, ಭಾವನಿಗೆ ಹೇಳು, ಸೋಲುವುದು ಅವರ ಗಿಡವೇ. ಈಗಲೇ ಮನಸ್ಸು ಗಟ್ಟಿ ಮಾಡಿಕೊಳ್ಳಲಿ.)


೧೬ ಜೂನ್

ತಮ್ಮಾ,

ಎರಡಕ್ಕೂ ಚುಕ್ಕೆ ಬಂದಿದೆ. ರಿಬ್ಬನ್ ಇರುವುದಕ್ಕೇ ಮೊದಲು ಬಂತು. ಕೆಳಗಿನ ಎಲೆಗಳೆಲ್ಲ ಕಪ್ಪಾಗಿ ಉದುರಿವೆ, ತುದಿಯೂ ಬಾಗಿದೆ.

ಅವಳಿಗೆ ಏನಾದರೂ ಬರೆ. ಬೇಗ ಬರೆ. ಏನು ಬರೆಯಬೇಕೆಂದು ನನಗೆ ಗೊತ್ತಿಲ್ಲ, ನಿನಗೆ ಗೊತ್ತಿರುತ್ತದೆ.

ಅಕ್ಕ


೯ ಜುಲೈ

ಅಕ್ಕಾ,

ನಿನ್ನ ಕಾಗದ ಓದಿದಾಗಿನಿಂದ ತಲೆ ಕೆಟ್ಟುಹೋಗಿದೆ. ಹೀಗಾಗಲು ಸಾಧ್ಯವೇ ಇಲ್ಲ. ಇಲ್ಲಿ ಸಾಲು ಸಾಲು ಗಿಡಗಳು ನಿಂತಿವೆ, ಅದೇ ಮರಿಗಳು, ಅದೇ ರೋಗ, ಒಂದೂ ಬಿದ್ದಿಲ್ಲ. ಪುಡಿಯನ್ನು ಬೀಜ ಹಾಕುವಾಗಲೇ ಬೆರೆಸಿದಿರೋ ಆಮೇಲೋ? ನಲ್ಲಿಯ ನೀರಿನಲ್ಲಿ ಔಷಧಿಯ ವಾಸನೆ ಜೋರಾಗಿದೆಯೇ? ಪಕ್ಕದ ಮನೆಯವರು ಏನಾದರೂ ಸಿಂಪಡಿಸಿದರೇ? ಅಥವಾ ನೀನೇ ನಿನ್ನ ಹಳೆಯ ಚಾಳಿ ಬಿಡಲಾರದೆ ನನ್ನ ಮರಿಗಳನ್ನು ಕತ್ತರಿಗಳ ಜೊತೆ ಬೇಯಿಸಿಬಿಟ್ಟೆಯೋ? ನಿನ್ನನ್ನು ನಂಬುವ ಹಾಗಿಲ್ಲ.

ತಮಾಷೆ ಮಾಡಿದೆ. ಆದರೂ ಎಲ್ಲವನ್ನೂ ವಿವರವಾಗಿ ಬರೆ. ಇದೇ ಹಡಗಿನಲ್ಲಿ ಇನ್ನೊಂದು ಪೊಟ್ಟಣ ಕಳಿಸುತ್ತಿದ್ದೇನೆ. ಚೂಟಿಗೆ ಹೇಳು, ಒಂದು ಆಟ ಸೋತರೆ ಮುಗಿಯಲಿಲ್ಲ, ಹೊಸ ಬೀಜ ಹಾಕೋಣ. ಮಾವನ ಮರಿಗಳು ಕೈಕೊಡುವುದಿಲ್ಲ. ತಪ್ಪು ಬೇರೆ ಎಲ್ಲೋ ಆಗಿದೆ, ಕಂಡುಹಿಡಿಯೋಣ.

ತಮ್ಮ


೩೦ ಜುಲೈ

ಅಕ್ಕಾ,

ವೈರ್‌ಲೆಸ್ ಕೋಣೆಯವನು ಚೀಟಿ ತಂದು ಕೈಗಿಟ್ಟು ಹೊರಟುಹೋದ. ಭಾವ ಕಳಿಸಿದ್ದರು. ‘ಚೂಟಿ ಹೋದಳು. ಮಣ್ಣು ಮಾಡಿದೆವು. ನೀನು ಗಾಬರಿಯಾಗಬೇಡ.’

ಮೊದಲು ನನಗೆ ಅರ್ಥವೇ ಆಗಲಿಲ್ಲ. ಎಲ್ಲಿಗೆ ಹೋದಳು ಎಂದುಕೊಂಡೆ.

ಯಾವ ಕಾಯಿಲೆ ಅಕ್ಕಾ? ಎಷ್ಟು ದಿನದಿಂದ? ನಿಶ್ಶಕ್ತಿ ಎಂದು ಬರೆದಿದ್ದೆಯಲ್ಲ. ನಿನ್ನ ಕಾಗದಗಳನ್ನೆಲ್ಲ ಮುಂದೆ ಹರಡಿಕೊಂಡು ಕೂತಿದ್ದೇನೆ. ಸೆಕೆಗೆ ಕೂದಲು ತೆಗೆಸಿದೆವು ಎಂದಿದ್ದೀಯ. ಮಾರ್ಚಿನಲ್ಲಿ ನಿಮ್ಮ ತಂಪಿನ ಊರಿನಲ್ಲಿ ಅಂಥ ಸೆಕೆ ಎಲ್ಲಿರುತ್ತದೆ? ಕುಂಡ ಕಿಟಕಿಯ ಹೊರಗೆ, ಅವಳು ಮಂಚದ ಮೇಲೆ. ಕೈ ನೋವು. ಎಲ್ಲವನ್ನೂ ನೀನು ಬರೆದೇ ಇದ್ದೆ, ನಾನು ನಗೆಯಾಡಿಕೊಂಡು ಓದಿದ್ದೆ.

ಕುಳಿತರೂ ನಿಂತರೂ ತಲೆಯಲ್ಲಿ ಒಂದೇ ಮಾತು. ಮೊಣಕೈ ತನಕ ಮಣ್ಣಿಗೆ ಕೈ ಹಾಕಲಿ ಎಂದು ಬರೆದವನು ನಾನು. ಅವಳು ಹಾಕಿದಳೇ? ಮರಿಗಳಿಂದ ಮನುಷ್ಯರಿಗೆ ಏನಾದರೂ ಆಗುತ್ತದೆಯೇ ಎಂದು ನೀನು ಕೇಳಿದ್ದೆ, ನಾನು ಸೂಪಿನ ಕಥೆ ಹೇಳಿದೆ. ಸೂಪು ಕುಡಿದವರು ಗಟ್ಟಿಮುಟ್ಟಾದವರು. ಮೈಯಲ್ಲಿ ಶಕ್ತಿಯೇ ಇಲ್ಲದ ಮಗುವಿಗೆ ಅದೇ ಪುಡಿ ಏನು ಮಾಡೀತು ಎಂಬುದು ನನಗೆ ಗೊತ್ತಿಲ್ಲ, ಯಾರೂ ಪರೀಕ್ಷಿಸಿಲ್ಲ.

ನನ್ನ ಪೊಟ್ಟಣದಿಂದಲೇ ಆಯಿತೇ ಅಕ್ಕಾ? ಹೌದಾಗಿದ್ದರೆ ಹೌದು ಎಂದು ಬರೆ. ನನಗಾಗಿ ಮುಚ್ಚಿಡಬೇಡ.

ತಮ್ಮ


೨೬ ಆಗಸ್ಟ್

ಅಕ್ಕಾ,

ಈ ಹಡಗಿನಲ್ಲೂ ನಿನ್ನ ಕಾಗದವಿಲ್ಲ. ಹಾಗಾದರೆ ಹೌದು ಎಂದೇ ತಿಳಿದುಕೊಳ್ಳುತ್ತೇನೆ.

ಕೆಲಸ ನಿಲ್ಲಿಸಿದ್ದೇನೆ. ಸಾಲುಗಿಡಗಳಿಗೆ ನೀರು ಹಾಕುವುದು ಬೇಡವೆಂದು ಹೇಳಿದ್ದೇನೆ.

ತಮ್ಮ


೩ ಅಕ್ಟೋಬರ್

ತಮ್ಮಾ,

ಗಿಡಗಳಿಗೆ ನೀರು ಹಾಕು. ಮೊದಲು ಆ ಕೆಲಸ ಮಾಡಿ ಬಂದು ಆಮೇಲೆ ಇದನ್ನು ಓದು.

ನಿನ್ನ ಪೊಟ್ಟಣದಿಂದ ಏನೂ ಆಗಲಿಲ್ಲ. ಆಗುವ ಹಾಗೇ ಇರಲಿಲ್ಲ. ನಿನ್ನ ಮರಿಗಳು ಕುಂಡ ಸೇರುವ ಮುಂಚೆಯೇ ಸತ್ತಿದ್ದವು. ಕೊಂದವಳು ನಾನು. ಇದನ್ನು ಬರೆಯಲು ಇಷ್ಟು ದಿನ ಬೇಕಾಯಿತು. ಅಷ್ಟರಲ್ಲಿ ನೀನು ಆ ಹೊರೆಯನ್ನು ನಿನ್ನ ತಲೆಗೆ ಎತ್ತಿಕೊಂಡಿದ್ದೀಯ ಎಂದು ತಿಳಿದು ಇನ್ನೂ ಸಂಕಟವಾಯಿತು.

ಚೂಟಿಗೆ ರಕ್ತದ ಕಾಯಿಲೆ. ಜನವರಿಯಲ್ಲಿ ಗೊತ್ತಾಯಿತು. ಆ ನಾಲ್ಕು ಸಾಲಿನ ಕಾಗದ ಬರೆದದ್ದು ಅದೇ ವಾರ. ಕಾಯಿಲೆಯನ್ನು ಕೊಲ್ಲಲು ಕೊಡುವ ಔಷಧಿ ಮೈಯ ಕಾವಲನ್ನೂ ಕೊಲ್ಲುತ್ತದೆ. ಕೂದಲು ಉದುರಿದ್ದು ಅದರಿಂದಲೇ. ಡಾಕ್ಟರಮ್ಮ ನಮ್ಮನ್ನು ಕೂರಿಸಿಕೊಂಡು ಹೇಳಿದ್ದರು, “ಹೂವು ಬೇಡ, ಗಿಡ ಬೇಡ, ಮಣ್ಣಂತೂ ಬೇಡವೇ ಬೇಡ. ನಮಗೆ ಏನೂ ಮಾಡದೇ ಇರೋದು ಇವಳಿಗೆ ತುಂಬಾ ದೊಡ್ಡದಾಗುತ್ತೆ.” ಆಮೇಲೆ ನಿನ್ನ ಪೊಟ್ಟಣ ಬಂತು.

ಅದನ್ನು ಎಸೆದುಬಿಡಬೇಕಿತ್ತು. ಆದರೆ ಅವಳು ಕಾಗದ ಓದಿಸಿಕೊಂಡು ಕುಣಿಯುತ್ತ ಕೂತಿದ್ದಳು. ಕುಂಡಗಳು ಹೊರಗಿರಲಿ, ಕಿಟಕಿ ಮುಚ್ಚಿರಲಿ ಎಂದುಕೊಂಡೆ. ಆದರೂ ಧೈರ್ಯ ಬರಲಿಲ್ಲ. ನನ್ನ ಕೈಗೆ ಬೇರೆ ಏನು ಬರುತ್ತದೆ ಹೇಳು. ಪೊಟ್ಟಣವನ್ನೂ ಕುಂಡದ ಮಣ್ಣನ್ನೂ ಬಟ್ಟೆಯಲ್ಲಿ ಕಟ್ಟಿ ಕೆಲಸಕ್ಕೆ ಒಯ್ದೆ. ಅವಳಿಗೆ ಔಷಧಿ ಕೊಡುವ ವಾರ್ಡಿಗೆ ಹೋಗುವ ಟ್ರೇಗಳ ಪಕ್ಕದಲ್ಲಿ ಇಟ್ಟು ಯಂತ್ರದ ಬಾಗಿಲು ಹಾಕಿದೆ. ಪ್ರತಿ ಸಲವೂ ಟ್ರೇಗಳ ಜೊತೆ ಒಂದು ಸಣ್ಣ ಸೀಸೆ ಇಡುತ್ತೇವೆ. ಅದರಲ್ಲಿ ಎಲ್ಲಕ್ಕಿಂತ ಗಟ್ಟಿಪ್ರಾಣದ ಕ್ರಿಮಿ ಇರುತ್ತದೆ, ನಿನ್ನ ಮರಿಗಳ ದಾಯಾದಿಯೇ ಇರಬೇಕು. ಅದು ಸತ್ತರೆ ಎಲ್ಲವೂ ಸತ್ತಂತೆ. ಮರುದಿನ ನೋಡಿದೆ, ಸತ್ತಿತ್ತು. ನೆಮ್ಮದಿಯಾಯಿತು ನನಗೆ.

ಮಕ್ಕಳಾಟ, ಎರಡೂ ಗಿಡ ಹಸಿರಾಗಿದ್ದರೆ ಸಾಕು, ನೋಡುತ್ತ ಕೂರುತ್ತಾಳೆ ಎಂದುಕೊಂಡಿದ್ದೆ. ಅವಳಿಗೆ ಅದು ಆಟವಾಗಿರಲಿಲ್ಲ. ತನಗೂ ಕಾವಲಿಲ್ಲವೆಂದು ಡಾಕ್ಟರಮ್ಮ ಹೇಳಿದ್ದನ್ನು ಮಲಗಿದ ಹಾಗೆ ನಟಿಸಿ ಕೇಳಿಸಿಕೊಂಡಿದ್ದಳು. ಅದಕ್ಕೇ ರಿಬ್ಬನ್ ಕಟ್ಟಿಸಿ ತನ್ನ ಗಿಡ ಎಂದದ್ದು. ನಿನ್ನ ಸಹಿಯ ಕಾಗದವನ್ನು ಗಾಜಿಗೆ ಅಂಟಿಸಿ ಬೆಳಿಗ್ಗೆ ಎದ್ದೊಡನೆ ನೋಡುತ್ತಿದ್ದಳು. ಸೂಜಿ ಚುಚ್ಚಲು ಮನೆಗೆ ಬರುತ್ತಿದ್ದ ನರ್ಸಿಗೆ, “ಚಿವುಟಿ, ಪರವಾಗಿಲ್ಲ. ಚಿವುಟಿದರೆ ಎಚ್ಚರ ಆಗುತ್ತೆ” ಎನ್ನುತ್ತಿದ್ದಳು.

ಆಮೇಲೆ ಚುಕ್ಕೆ ಬಂತು. ದಿನವೂ ನೋಡಿದಳು. ತುದಿ ಬಾಗಿದ ದಿನ ನನ್ನನ್ನು ಕರೆದಳು.

“ಅಮ್ಮ, ಮಾವಂಗೆ ಬರೀಬೇಡ. ಮರಿಗಳು ಸೋತವು ಅಂದ್ರೆ ಪಾಪ ಬೇಜಾರು ಮಾಡ್ಕೋತಾನೆ.”

“ಹೊಸ ಗಿಡ ಹಾಕೋಣ ಬಿಡು, ಕಂದ.”

“ಬೇಡ. ಅದು ನನ್ನ ಗಿಡ ಅಲ್ವಾ, ಅದಕ್ಕೇ ಹಂಗಾಗಿದೆ.”

ತಮ್ಮಾ, ಆ ಕ್ಷಣ ನಾನು ಒಂದೇ ಒಂದು ಮಾತು ಹೇಳಬೇಕಿತ್ತು. ಮರಿಗಳು ಸೋಲಲಿಲ್ಲ ಕಂದಾ, ಗಿಡಕ್ಕೆ ಮರಿಗಳೇ ಇರಲಿಲ್ಲ, ಅಮ್ಮನೇ ಹೆದರಿ ಬೇಯಿಸಿಬಿಟ್ಟೆ ಎಂದು. ಮಾತು ಬಾಯಿಗೆ ಬಂತು, ಮುಖಕ್ಕೆ ಕಟ್ಟಿದ್ದ ಮಾಸ್ಕಿನ ಒಳಗೇ ಉಳಿಯಿತು. ಬೈಯುತ್ತಾಳೆ ಎಂದಲ್ಲ. ಅವಳು ಕಾಯುತ್ತ ಕೂತದ್ದನ್ನೇ ನಾನು ಕೊಂದೆ ಎಂದು ಅವಳ ಮುಖ ನೋಡಿಕೊಂಡು ಹೇಳಲಾಗಲಿಲ್ಲ. ನಾಳೆ ಹೇಳೋಣ ಎಂದುಕೊಂಡು ನಿನಗೆ ಕಾಗದ ಬರೆದು ಹಾಕಿದೆ. ಮರುದಿನ ಜ್ವರ ಬಂತು. ಅದು ಎಲ್ಲಿಂದ ಬಂತೆಂದು ಡಾಕ್ಟರಮ್ಮನಿಗೂ ಗೊತ್ತಾಗಲಿಲ್ಲ, ಅವಳ ಮೈಯೊಳಗೇ ಇದ್ದದ್ದು ಇರಬೇಕು ಎಂದರು. ಜ್ವರ ಒಂದೊಂದು ಸಲ ಇಳಿಯುತ್ತಿತ್ತು. ಆಗಲೂ ಅವಳು ಕಿಟಕಿಯ ಕಡೆ ತಿರುಗಲಿಲ್ಲ, ಗೋಡೆಯ ಕಡೆಗೇ ಮುಖ ಮಾಡಿ ಮಲಗುತ್ತಿದ್ದಳು. ಜುಲೈಯಲ್ಲಿ ಹೋದಳು.

ನಿನಗೆ ಯಾಕೆ ತಿಳಿಸಲಿಲ್ಲ ಎಂದು ಕೇಳುತ್ತೀಯ. ತಿಳಿಸಿದ್ದರೆ ನೀನು ಈಜಿಕೊಂಡಾದರೂ ಬರುತ್ತಿದ್ದೆ ಎಂಬುದು ಒಂದು. ಇನ್ನೊಂದಿದೆ. ಮನೆಗೆ ಬಂದವರೆಲ್ಲ ಅವಳೊಡನೆ ಮೆತ್ತಗೆ ಮಾತಾಡುತ್ತಿದ್ದರು. ನೀನೊಬ್ಬನೇ ಅವಳಿಗೆ ಸೋಮಾರಿ ಎಂದು ಬೈದು ಬರೆಯುತ್ತಿದ್ದೆ. ನಿನ್ನ ಕಾಗದ ಬಂದ ದಿನ ಅವಳು ಕಾಯಿಲೆಯ ಮಗುವಾಗಿರುತ್ತಿರಲಿಲ್ಲ. ಅದನ್ನು ನಾನು ಹೇಗೆ ಕಳೆಯಲಿ?

ನಿನ್ನ ಜುಲೈ ಕಾಗದ, ಎರಡನೆಯ ಪೊಟ್ಟಣ ಎರಡೂ ಅವಳನ್ನು ಕಳಿಸಿಕೊಟ್ಟು ಬಂದ ಮೇಲೆ ತಲುಪಿದವು. ಬೇಯಿಸಿಬಿಟ್ಟೆಯೋ ಎಂದು ತಮಾಷೆಗೆ ಕೇಳಿದ್ದೀಯಲ್ಲ, ಅದನ್ನು ಓದಿ ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡೆ. ಇವರು ಎಷ್ಟೋ ಹೊತ್ತು ಹೊರಗೆ ನಿಂತಿದ್ದರು. ಪೊಟ್ಟಣ ಹಾಗೇ ಕಪಾಟಿನ ಮೇಲಿದೆ, ಒಡೆದಿಲ್ಲ.

ಮಣ್ಣು ಮುಟ್ಟಬಾರದು ಎಂದಿದ್ದ ಮಗುವನ್ನು ಮಣ್ಣಿಗೇ ಕೊಟ್ಟು ಬಂದೆವು.

ಅಕ್ಕ


೨೮ ಅಕ್ಟೋಬರ್

ಅಕ್ಕಾ,

ಗಿಡಗಳಿಗೆ ನೀರು ಹಾಕಿ ಬಂದೇ ಓದಿದೆ.

ನಿನಗೆ ಒಂದು ವಿಷಯ ಹೇಳಬೇಕು. ಫೆಬ್ರವರಿಯಲ್ಲಿ ನಿನಗೆ ಕಳಿಸಿದ ಪುಡಿಯ ಜೊತೆಯದನ್ನೇ ಇನ್ನೂ ಕೆಲವರಿಗೆ ಕಳಿಸಿದ್ದೆವು. ಅವರಿಂದೆಲ್ಲ ಈಗ ದೂರು ಬಂದಿದೆ. ವಿಚಾರಿಸಿದಾಗ ತಿಳಿಯಿತು, ಆ ಪೊಟ್ಟಣಗಳನ್ನು ಹಡಗಿನಲ್ಲಿ ಎಂಜಿನ್ ಕೋಣೆಯ ಪಕ್ಕ ಇಟ್ಟಿದ್ದರಂತೆ. ಅಲ್ಲಿಯ ಸೆಕೆಗೆ ಮರಿಗಳೆಲ್ಲ ದಾರಿಯಲ್ಲೇ ಸತ್ತಿದ್ದವು. ಅಂದರೆ ನಿನ್ನ ಕೈಗೆ ಬಂದದ್ದು ಬರೀ ಕಂದು ಪುಡಿ. ನೀನು ಬೇಯಿಸಿದ್ದರಿಂದ ಏನೂ ಬದಲಾಗಲಿಲ್ಲ. ಬೇಯಿಸದೆ ಇದ್ದಿದ್ದರೂ ಆ ಗಿಡ ಹಾಗೇ ಆಗುತ್ತಿತ್ತು. ಮಾತು ಕೊಟ್ಟು ಸಹಿ ಹಾಕಿದವನು ನಾನು, ಮಾತು ತಪ್ಪಿದವನೂ ನಾನೇ.

ಆದ್ದರಿಂದ ಆ ಯಂತ್ರದ ಬಾಗಿಲನ್ನು ಮತ್ತೆ ಮತ್ತೆ ಮನಸ್ಸಿನಲ್ಲಿ ಮುಚ್ಚಬೇಡ. ಎರಡನೆಯ ಪೊಟ್ಟಣವನ್ನು ಎಸೆದುಬಿಡು. ಅದೂ ಅದೇ ಹಡಗಿನಲ್ಲಿ ಬಂದದ್ದು, ಅದೂ ಸತ್ತೇ ಇರುತ್ತದೆ.

ನನ್ನ ಇಲ್ಲಿಯ ಅವಧಿ ಮುಗಿಯುತ್ತಿದೆ. ಏಪ್ರಿಲ್ ಹಡಗಿಗೆ ಹೊರಡುತ್ತೇನೆ. ಊಟ ಮಾಡುತ್ತಿದ್ದೀಯಾ? ಭಾವನನ್ನು ಕೇಳಿದೆನೆಂದು ಹೇಳು.

ತಮ್ಮ


೧೮ ಫೆಬ್ರವರಿ

ತಮ್ಮಾ,

ನಿನ್ನ ಕಾಗದ ಬಂದಾಗ ನಂಬಿದೆ. ನಂಬಬೇಕೆಂದು ತುಂಬಾ ಆಸೆಯಾಗಿತ್ತು. ಇವರಿಗೂ ಓದಿ ಹೇಳಿದೆ. “ನೋಡು, ನಿನ್ನಿಂದಲ್ಲ” ಎಂದರು. ಬಹಳ ದಿನಗಳ ಮೇಲೆ ಆ ರಾತ್ರಿ ನಿದ್ದೆ ಬಂತು.

ಮರುದಿನ ಕೆಲಸದಲ್ಲಿ ಆ ಸಣ್ಣ ಸೀಸೆಯನ್ನು ಟ್ರೇಯ ಪಕ್ಕ ಇಡುತ್ತಿದ್ದಾಗ ಕೈ ನಿಂತಿತು. ಹಡಗಿನ ಸೆಕೆಗೆ ಸಾಯುವ ಜಾತಿಯಾಗಿದ್ದರೆ ಅವನ್ನು ಕೊಲ್ಲಲು ನನ್ನ ಕೋಣೆಯಲ್ಲಿ ಅಷ್ಟು ದೊಡ್ಡ ಯಂತ್ರ ಯಾಕೆ ಬೇಕಿತ್ತು? ಮನೆಗೆ ಬಂದು ನಿನ್ನ ಮೊದಲ ಕಾಗದ ತೆಗೆದು ನೋಡಿದೆ. ‘ಕುದಿಯುವ ನೀರಿಗೂ ಜಗ್ಗುವ ಜಾತಿಯಲ್ಲ.’ ನೀನೇ ಬರೆದದ್ದು.

ಆದರೂ ಮನಸ್ಸು ಒಪ್ಪಲಿಲ್ಲ. ಅದಕ್ಕೇ ಕಪಾಟಿನ ಮೇಲಿನ ಪೊಟ್ಟಣ ಇಳಿಸಿ ಒಡೆದೆ. ಕೈಗವಸು ಹಾಕಲಿಲ್ಲ. ಎರಡು ಕುಂಡ, ಒಂದೇ ಮಣ್ಣು, ಎರಡರಲ್ಲೂ ಟೊಮೇಟೊ. ಒಂದಕ್ಕೆ ಪುಡಿ ಬೆರೆಸಿದೆ, ಬರಿಗೈಯಲ್ಲಿ, ಉಗುರಿನ ಸಂದಿಗೆಲ್ಲ ಹೋಗುವಂತೆ. ರಿಬ್ಬನ್ ಕಟ್ಟಿದೆ. ಏನೂ ಬೇಯಿಸಲಿಲ್ಲ. ಇವರು ಬಾಗಿಲಲ್ಲಿ ನಿಂತು ನೋಡಿ, “ನಂದು ಯಾವುದು, ಹೋದ ಸಲದ್ದೇನಾ?” ಎಂದರು. ಅದೇ ಎಂದೆ. ಅಂದಿನಿಂದ ಬಸ್ಸು ಹತ್ತುವ ಮುಂಚೆ ಎರಡಕ್ಕೂ ಅವರೇ ನೀರು ಹಾಕುತ್ತಾರೆ.

ಈ ವರ್ಷ ಅಕಾಲದಲ್ಲಿ ಮಳೆ ಬಂದು ಈ ತಿಂಗಳೇ ಬೀದಿಯಲ್ಲೆಲ್ಲ ಎಲೆಚುಕ್ಕೆ. ಇವರ ಗಿಡ ಕಪ್ಪಾಗಿ ಒರಗಿದೆ. ರಿಬ್ಬನ್ ಇರುವುದಕ್ಕೂ ಚುಕ್ಕೆ ಬಂತು. ಕೆಳಗಿನ ಎರಡು ಎಲೆಗೆ ಬಂದು ಅಲ್ಲೇ ನಿಂತಿತು. ನೀನು ಅವಳಿಗೆ ಬರೆದಿದ್ದ ಹಾಗೇ, ಒಂದು ಅಕ್ಷರವೂ ತಪ್ಪಲಿಲ್ಲ. ನೆಟ್ಟಗೆ ನಿಂತಿದೆ, ಇವತ್ತು ಮೂರು ಹೂವು ಬಿಟ್ಟಿದೆ. ನೋಡಬೇಕಾದವಳ ಮಂಚ ಖಾಲಿ ಇದೆ. ಆ ಮಂಚದ ಮೇಲೆ ಕೂತು, ಹೇಳಬೇಕಿದ್ದ ಆ ಒಂದು ಮಾತನ್ನು ಗಟ್ಟಿಯಾಗಿ ಹೇಳಿದೆ. ಮರಿಗಳು ಸೋಲಲಿಲ್ಲ ಕಂದಾ, ಅಮ್ಮನೇ ಹೆದರಿದೆ. ಗೋಡೆಗೆ ಹೇಳಿದಂತಾಯಿತು. ಆದರೂ ಹೇಳಿದೆ.

ನನಗೋಸ್ಕರ ನಿನ್ನ ಮರಿಗಳನ್ನು ಕಾಗದದ ಮೇಲೆ ಕೊಂದೆಯಲ್ಲ, ಮೂರು ವರ್ಷ ಸಾಕಿದವನ್ನು. ಎರಡನೆಯ ಪೊಟ್ಟಣ ಎಸೆದುಬಿಡು ಎಂದದ್ದು ಯಾಕೆಂದು ಈಗ ಗೊತ್ತಾಯಿತು. ಸುಳ್ಳು ಹೇಳಲು ನಿನಗೆ ಚಿಕ್ಕಂದಿನಿಂದಲೂ ಬರುವುದಿಲ್ಲ, ಬಾಯಿಯ ಸುತ್ತ ಮಣ್ಣು ಮೆತ್ತಿಕೊಂಡು ತಿಂದಿಲ್ಲ ಎನ್ನುತ್ತಿದ್ದೆ. ನನಗೆ ಕೋಪವಿಲ್ಲ. ಆ ಕಾಗದವನ್ನು ಇಟ್ಟುಕೊಂಡಿದ್ದೇನೆ, ಒಂದು ರಾತ್ರಿ ನಿದ್ದೆ ಕೊಟ್ಟ ಕಾಗದ ಅದು.

ಅವಳ ಕಿಟಕಿ ಈಗ ತೆರೆದೇ ಇರುತ್ತದೆ. ಧೂಳು ಬರುತ್ತದೆ, ಬರಲಿ.

ಏಪ್ರಿಲಿನಲ್ಲಿ ಬರುವಾಗ ಬಾಗಿಲಲ್ಲಿ ನಿಲ್ಲಬೇಡ. ಕೈ ತೊಳೆಯಬೇಡ. ಹಾಗೇ ಒಳಗೆ ಬಾ.

ಅಕ್ಕ